ತಡವೆಂಬ ಶುಲ್ಕ

ಮನೆ ಸಾಲವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗಾಯಿಸಿಕೊಳ್ಳಲು ಹೊರಟವರಿಗೆ ನೆಂಟರಿಷ್ಟರು, ಸಹೋದ್ಯೋಗಿಗಳು, ಕೆಲವೊಮ್ಮೆ ಆಡಿಟರುಗಳೂ ಹೇಳುವ ಸಮಾಧಾನ ಒಂದೇ: 'ಬ್ಯಾಂಕ್ ಕೆಲಸ, ತಡ ಆಗೇ ಆಗತ್ತೆ. ಸಾಲ ತಗೊಂಡೋರು ನಾವು, ಕಾಯಬೇಕು.' ಇದರ ಜೊತೆಗೆ ಇನ್ನೊಂದು ನಂಬಿಕೆಯೂ ಬೇರೂರಿದೆ. ಅವಧಿಗೆ ಮುನ್ನ ಸಾಲ ತೀರಿಸಿದವರಿಗೆ ಹಾಕುತ್ತಿದ್ದ ದಂಡವನ್ನು ರಿಸರ್ವ್ ಬ್ಯಾಂಕ್ ಎಂದೋ ತೆಗೆದುಹಾಕಿದೆ, ಹಾಗಾಗಿ ಸಾಲಗಾರ ಈಗ ಸ್ವತಂತ್ರ, ಬಡ್ಡಿ ಜಾಸ್ತಿ ಅನ್ನಿಸಿದರೆ ಬೇರೆ ಕಡೆ ಹೋಗಬಹುದು ಎಂಬುದು ಆ ನಂಬಿಕೆ. ಹಣಕಾಸು ಸಲಹೆ ಕೊಡುವವರೆಲ್ಲ ಇದನ್ನು ಹೇಳುತ್ತಲೇ ಇರುತ್ತಾರೆ. ಈ ಎರಡು ಮಾತನ್ನೂ ನಾನು ಒಪ್ಪಲಾರೆ. ಸಾಲ ವರ್ಗಾವಣೆಯಲ್ಲಿ ಆಗುವ ತಡಕ್ಕೆ ಕಾರಣರಿದ್ದಾರೆ, ಅದರಿಂದ ಲಾಭ ಪಡೆಯುವವರೂ ಇದ್ದಾರೆ. ರದ್ದಾದ ದಂಡದ ಜಾಗದಲ್ಲಿ ಈ ತಡ ಬಂದು ಕೂತಿದೆ. ಅದನ್ನು ಪ್ರಶ್ನಿಸುವ ಹಕ್ಕು ಮನೆ ಮಾಲೀಕನಿಗೆ ನಮ್ಮ ಕಾನೂನಿನಲ್ಲಿ ಬಹಳ ಹಿಂದಿನಿಂದ ಇದೆ, ನಾವು ಅದನ್ನು ಕೇಳುವ ಅಭ್ಯಾಸ ಬಿಟ್ಟಿದ್ದೇವೆ ಅಷ್ಟೆ.

ಹಿಂದೆ ಆದದ್ದನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಮನೆ ಸಾಲವನ್ನು ಬೇಗ ಮುಗಿಸುವವರ ಮೇಲೆ ಉಳಿದ ಅಸಲಿನ ಶೇ. 2ರ ಆಸುಪಾಸಿನಲ್ಲಿ ಶುಲ್ಕ ಹಾಕುವುದು ಒಂದು ಕಾಲಕ್ಕೆ ಮಾಮೂಲಾಗಿತ್ತು. ಇದು ಸ್ಪರ್ಧೆಗೆ ಅಡ್ಡಿ ಎಂಬ ದೂರು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋದಾಗ, 2010ರಲ್ಲಿ ಆಯೋಗದ ಬಹುಮತ ಅದನ್ನು ಒಪ್ಪಲಿಲ್ಲ. ಬದಲಾವಣೆ ತಂದದ್ದು ನಿಯಂತ್ರಕ ಸಂಸ್ಥೆಗಳು. ರಾಷ್ಟ್ರೀಯ ವಸತಿ ಬ್ಯಾಂಕ್ 2011ರಲ್ಲಿ ಗೃಹ ಹಣಕಾಸು ಕಂಪನಿಗಳಿಗೆ ಕಡಿವಾಣ ಹಾಕಿತು. ಎಂ. ದಾಮೋದರನ್ ನೇತೃತ್ವದ ಸಮಿತಿಯ ಶಿಫಾರಸಿನ ಬೆನ್ನಿಗೆ ರಿಸರ್ವ್ ಬ್ಯಾಂಕ್ 2012ರ ಜೂನ್ 5ರಂದು ಸುತ್ತೋಲೆ ಹೊರಡಿಸಿ, ಬದಲಾಗುವ ಬಡ್ಡಿದರದ ಗೃಹಸಾಲದ ಮೇಲೆ ಯಾವ ಬ್ಯಾಂಕೂ ಅವಧಿಪೂರ್ವ ಶುಲ್ಕ ಹಾಕಕೂಡದು ಎಂದಿತು. ಹಳೆಯ ಸಾಲಗಾರ, ಹೊಸ ಸಾಲಗಾರ ಎಂಬ ತಾರತಮ್ಯ ಕಡಿಮೆಯಾಗಬೇಕು, ಬ್ಯಾಂಕುಗಳು ಪೈಪೋಟಿಗೆ ಬಿದ್ದು ದರ ಇಳಿಸಬೇಕು ಎಂಬುದು ಅದರ ಹಿಂದಿದ್ದ ಉದ್ದೇಶ. ಒಳ್ಳೆಯ ಉದ್ದೇಶ. ಆದರೆ ಅದು ಈಡೇರಬೇಕಾದರೆ ಸಾಲಗಾರ ನಿಜಕ್ಕೂ ಹೊರಗೆ ಹೋಗುವಂತಿರಬೇಕು, ಅದೂ ಸಕಾಲದಲ್ಲಿ.

ತಡದ ಬೆಲೆ ಎಷ್ಟು ಎಂದು ಲೆಕ್ಕ ಹಾಕಿ ನೋಡೋಣ. 50 ಲಕ್ಷ ರೂಪಾಯಿ ಸಾಲ ಬಾಕಿ ಇದೆ, ಹಳೆಯ ಕಡೆ ಬಡ್ಡಿ ಶೇ. 9.5, ಹೊಸ ಬ್ಯಾಂಕ್ ಕೊಡುತ್ತೇನೆಂದಿರುವುದು ಶೇ. 8. ಒಂದು ತಿಂಗಳ ಬಡ್ಡಿಯಲ್ಲಿ ವ್ಯತ್ಯಾಸ 6,250 ರೂಪಾಯಿ. ವರ್ಗಾವಣೆ ನಾಲ್ಕು ತಿಂಗಳು ಎಳೆದರೆ 25,000 ರೂಪಾಯಿ. ಕಂತು ಕಟ್ಟುತ್ತ ಹೋದಂತೆ ಅಸಲು ತುಸು ಇಳಿಯುವುದರಿಂದ ಬರುವ ಫರಕು ನೂರು ರೂಪಾಯಿಯೂ ಆಗದು. ಉಳಿದ ಅಸಲಿನ ಮೇಲೆ 25,000 ಎಂದರೆ ಸರಿಯಾಗಿ ಅರ್ಧ ಶೇಕಡಾ. ಅರ್ಧ ಶೇಕಡಾ ದಂಡ ಎಂದು ಕಾಗದದ ಮೇಲೆ ಬರೆದು ವಸೂಲಿ ಮಾಡಿದ್ದರೆ ಆ ಸಂಸ್ಥೆ ನಿಯಮ ಮುರಿದಂತಾಗುತ್ತಿತ್ತು, ಸಾಲಗಾರ ದೂರು ಕೊಡುತ್ತಿದ್ದ, ಹಣ ವಾಪಸ್ ಬರುತ್ತಿತ್ತು. ಅಷ್ಟೇ ಹಣ ತಡದ ಮೂಲಕ ಹೋದರೆ ಯಾವ ರಸೀದಿಯಲ್ಲೂ ಅದು ಕಾಣುವುದಿಲ್ಲ. ಕಾಣದ್ದರಿಂದಲೇ ಅದನ್ನು ಯಾರೂ ಶುಲ್ಕ ಎಂದು ಕರೆಯುತ್ತಿಲ್ಲ.

2025ರಲ್ಲಿ ಈ ವ್ಯತ್ಯಾಸ ಅನೇಕ ಮನೆಗಳಲ್ಲಿ ಚರ್ಚೆಯಾಯಿತು. ಆ ವರ್ಷದ ಫೆಬ್ರವರಿಯಿಂದ ಡಿಸೆಂಬರ್ ಹೊತ್ತಿಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 6.50ರಿಂದ 5.25ಕ್ಕೆ ಇಳಿಸಿತು. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ದರದ ಗೃಹಸಾಲಗಳು ರೆಪೊ ಥರದ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿವೆ, ಮೂರು ತಿಂಗಳಿಗೊಮ್ಮೆಯಾದರೂ ದರ ಬದಲಾಗಲೇಬೇಕು. ಆದರೆ ಎಂಸಿಎಲ್‌ಆರ್ (ಬ್ಯಾಂಕ್ ತನ್ನ ನಿಧಿವೆಚ್ಚದ ಮೇಲೆ ತಾನೇ ಕಟ್ಟುವ ದರ) ಕಾಲದ ಹಳೆಯ ಸಾಲಗಳಿಗೂ ಗೃಹ ಹಣಕಾಸು ಕಂಪನಿಗಳ ಸಾಲಗಳಿಗೂ ಈ ಜೋಡಣೆ ಇಲ್ಲ. ಕಂಪನಿಗಳು ತಮ್ಮದೇ ಮೂಲದರ ಇಟ್ಟುಕೊಂಡಿರುತ್ತವೆ. ರೆಪೊ ಇಳಿದ ಸುದ್ದಿ ಟೀವಿಯಲ್ಲಿ ಬಂದ ದಿನ ಈ ಸಾಲಗಾರರ ಕಂತು ಹಾಗೇ ಇರುತ್ತದೆ. ಇರುವ ಕಡೆಯೇ ದರ ಇಳಿಯದಿದ್ದರೆ ಅವರಿಗೆ ಇರುವ ದಾರಿ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಒಂದೇ, ಅದಕ್ಕೆ ಬೇಕಾದ ಎರಡು ಕಾಗದ ಮಾತ್ರ ಹಳೆಯ ಸಾಲದಾತನ ಕೈಯಲ್ಲಿವೆ.

ಒಂದು, ಫೋರ್‌ಕ್ಲೋಷರ್ ಲೆಟರ್. ಒಂದೇ ಪುಟದ್ದು. ಬಾಕಿ ಅಸಲು ಎಷ್ಟು, ಇಂದಿನವರೆಗಿನ ಬಡ್ಡಿ ಎಷ್ಟು, ಇತರ ಶುಲ್ಕ ಎಷ್ಟು, ಇನ್ನು ಮುಂದೆ ದಿನಕ್ಕೆ ಎಷ್ಟು ಬಡ್ಡಿ ಸೇರುತ್ತದೆ, ಈ ಲೆಕ್ಕ ಯಾವ ತಾರೀಕಿನವರೆಗೆ ಊರ್ಜಿತ, ಇಷ್ಟೇ ಅದರಲ್ಲಿರುವುದು. ಇನ್ನೊಂದು, ಅಡಮಾನಕ್ಕೆ ಕೊಟ್ಟ ಮೂಲಪತ್ರಗಳ ಪಟ್ಟಿ. ಬ್ಯಾಂಕಿನವರು ಎಲ್‌ಓಡಿ ಎನ್ನುತ್ತಾರೆ. ಕ್ರಯಪತ್ರ, ಹಿಂದಿನ ಮಾಲೀಕರ ಪತ್ರಗಳು, ಖಾತಾ, ಋಣಭಾರ ಪ್ರಮಾಣಪತ್ರ ಇವುಗಳ ಹೆಸರು, ನೋಂದಣಿ ಸಂಖ್ಯೆ, ತಾರೀಕು. ಇವೆರಡೂ ಕೈಗೆ ಬರದೆ ಹೊಸ ಬ್ಯಾಂಕ್ ಒಂದು ರೂಪಾಯಿಯನ್ನೂ ಬಿಡುಗಡೆ ಮಾಡುವುದಿಲ್ಲ.

ನನ್ನ ಪರಿಚಯದ ಒಬ್ಬ ಶಿಕ್ಷಕಿ, ಬೆಂಗಳೂರಿನವರು, ಈ ಎರಡು ಕಾಗದಕ್ಕಾಗಿ ಅಲೆದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಶಾಖೆಯಲ್ಲಿ ಅರ್ಜಿ ತೆಗೆದುಕೊಂಡರು, ಸ್ವೀಕೃತಿ ಕೊಡಲಿಲ್ಲ. 'ಹೆಡ್ ಆಫೀಸಿಗೆ ರಿಕ್ವೆಸ್ಟ್ ಹಾಕಿದ್ದೀನಿ ಮೇಡಂ, ಸಿಸ್ಟಂನಲ್ಲೇ ಬರಬೇಕು' ಎಂದರು. ಪತ್ರ ಬರುವ ಮೊದಲು ಫೋನ್ ಬಂತು: 'ಯಾಕೆ ಮೇಡಂ ಹೋಗ್ತಿದ್ದೀರಾ? ಇಲ್ಲೇ ರೇಟ್ ಕಮ್ಮಿ ಮಾಡಿಸಿಕೊಡ್ತೀವಿ.' ಅವರು ಬೇಡವೆಂದರು. ಮತ್ತೆ ಬೇರೊಬ್ಬರಿಂದ ಅದೇ ಮಾತಿನ ಫೋನ್. ಕೊನೆಗೆ ಫೋರ್‌ಕ್ಲೋಷರ್ ಲೆಟರ್ ಬಂದಾಗ ಎಲ್‌ಓಡಿ ಇರಲಿಲ್ಲ. ಎಲ್‌ಓಡಿ ಬಂದಾಗ ಲೆಟರಿನ ಅವಧಿ ಮುಗಿದಿತ್ತು. ಹೊಸ ಲೆಟರಿಗೆ ಹೊಸ ಅರ್ಜಿ. ಅಷ್ಟರಲ್ಲಿ ಹೊಸ ಬ್ಯಾಂಕಿನ ಮಂಜೂರಾತಿ ಪತ್ರದ ಗಡುವೂ ಮುಗಿಯಿತು, ವಕೀಲರ ವರದಿಯ ಶುಲ್ಕವನ್ನು ಮತ್ತೊಮ್ಮೆ ಕಟ್ಟಿದರು. ಶಾಲೆಗೆ ಅರ್ಧ ದಿನದ ರಜೆ ಹಾಕಿ ಹೋಗಿ ಬರುತ್ತಿದ್ದರು. ಕೌಂಟರಿನ ಮುಂದೆ ಒಮ್ಮೆಯೂ ದನಿ ಏರಿಸಲಿಲ್ಲ. ಏರಿಸಿದರೆ ಪತ್ರ ಇನ್ನೂ ತಡವಾದೀತು ಎಂಬ ಹೆದರಿಕೆ ಅವರಿಗೆ. ಪ್ರತಿ ತಿಂಗಳೂ ತಪ್ಪದೆ ಕಂತು ಕಟ್ಟಿದ ಹೆಂಗಸು ಹೀಗೆ ಹೆದರಬೇಕಾಗಿ ಬಂದದ್ದು ನನಗೆ ಆ 25,000ದ ಲೆಕ್ಕಕ್ಕಿಂತ ದೊಡ್ಡ ಅನ್ಯಾಯವಾಗಿ ಕಂಡಿತು.

ಅವರ ಕಥೆಯಲ್ಲಿ ಗಮನಿಸಬೇಕಾದದ್ದು ಯಾವುದು ಮೊದಲು, ಯಾವುದು ನಂತರ ಬಂತು ಎಂಬುದು. ಇವರ ಬಾಕಿ ಎಷ್ಟು, ಈಗಿನ ದರ ಎಷ್ಟು, ಎಷ್ಟು ಇಳಿಸಿದರೆ ಉಳಿದಾರು ಎಂಬ ಲೆಕ್ಕವೆಲ್ಲ ಫೋನ್ ಮಾಡಿದವರ ಎದುರಿಗಿತ್ತು. ಅದೇ ಅಂಕಿಗಳನ್ನು ಒಂದು ಪುಟದಲ್ಲಿ ಅಚ್ಚು ಹಾಕಿಕೊಡಲು ವಾರಗಳು ಬೇಕಾದವು. ಹೀಗಿರುವಾಗ ಸಿಬ್ಬಂದಿ ಕೊರತೆ, ಸಿಸ್ಟಂ ನಿಧಾನ ಎಂಬ ವಿವರಣೆಗಳನ್ನು ಹೇಗೆ ನಂಬುವುದು?

ಸಾಲದಾತರ ಪರವಾಗಿ ಹೇಳಬಹುದಾದ ಒಂದು ಮಾತಿದೆ, ಅದನ್ನು ನ್ಯಾಯವಾಗಿ ಪರಿಶೀಲಿಸಬೇಕು. ಮೂಲಪತ್ರಗಳನ್ನು ಶಾಖೆಯಲ್ಲಿ ಇಡುವುದಿಲ್ಲ, ದೂರದ ಭದ್ರ ದಾಸ್ತಾನಿನಲ್ಲಿ ಇಡುತ್ತಾರೆ, ಅಲ್ಲಿಂದ ತರಿಸಿ ಒಂದೊಂದನ್ನೂ ತಾಳೆ ನೋಡಬೇಕು, ತಪ್ಪಾದವರ ಕೈಗೆ ಹೋದರೆ ಅನಾಹುತ. ನಿಜ. ಮೂಲಪತ್ರ ಹಸ್ತಾಂತರಕ್ಕೆ ಕೆಲವು ವಾರ ಹಿಡಿಯುವುದನ್ನು ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಪತ್ರಗಳ ಪಟ್ಟಿಗೆ ಈ ಮಾತು ಅನ್ವಯಿಸುವುದಿಲ್ಲ. ಸಾಲ ಕೊಟ್ಟ ದಿನವೇ, ಪತ್ರಗಳನ್ನು ಪಡೆದುಕೊಂಡ ದಿನವೇ, ಆ ಪಟ್ಟಿ ತಯಾರಾಗಿರುತ್ತದೆ, ಆಗಿರಲೇಬೇಕು. ಅಡಮಾನದ ಒಪ್ಪಂದದಲ್ಲಿ ಅದೇ ಪಟ್ಟಿ ಇರುತ್ತದೆ. ಇಪ್ಪತ್ತು ವರ್ಷದ ಸಾಲಕ್ಕೆ ಆಧಾರವಾದ ಪತ್ರಗಳ ಪಟ್ಟಿ ತನ್ನ ಬಳಿ ಕೂಡಲೇ ಸಿಗುವಂತಿಲ್ಲ ಎಂದು ಒಂದು ಸಂಸ್ಥೆ ಹೇಳಿದರೆ, ಅದು ತನ್ನ ಆಡಳಿತದ ದೋಷವನ್ನೇ ಒಪ್ಪಿಕೊಂಡಂತೆ. ಆ ದೋಷದ ಖರ್ಚನ್ನು ಸಾಲಗಾರ ಏಕೆ ಹೊರಬೇಕು?

'ಸಾಲ ತಗೊಂಡೋರು ಕಾಯಬೇಕು' ಎಂಬ ಮಾತಿಗೆ ಬರೋಣ. ಸಾಲಗಾರ ತಡ ಮಾಡಿದರೆ ಏನಾಗುತ್ತದೆ? ಕಂತಿನ ತಾರೀಕು ದಾಟಿದರೆ ದಂಡ ಶುಲ್ಕ. ಕ್ರೆಡಿಟ್ ಸ್ಕೋರಿಗೆ ಪೆಟ್ಟು. 90 ದಿನ ಮೀರಿದರೆ ಖಾತೆ ಎನ್‌ಪಿಎ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್, ಅದಾದ ಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಮನೆಯ ಸ್ವಾಧೀನಕ್ಕೆ ಕ್ರಮ. ಪ್ರತಿ ಹಂತಕ್ಕೂ ದಿನದ ಲೆಕ್ಕ ಇದೆ, ದಿನ ಮೀರಿದರೆ ಫಲ ಇದೆ. ಅದೇ ಸಾಲದಾತ ಒಂದು ಪುಟದ ಪತ್ರಕ್ಕೆ ಎರಡು ತಿಂಗಳು ತೆಗೆದುಕೊಂಡರೆ ಅವನಿಗೆ ತಗಲುವ ಖರ್ಚು ಸೊನ್ನೆ, ಬರುವ ಆದಾಯ ಎರಡು ತಿಂಗಳ ಹೆಚ್ಚಿನ ಬಡ್ಡಿ. ಒಂದೇ ಒಪ್ಪಂದಕ್ಕೆ ಸಹಿ ಹಾಕಿದ ಇಬ್ಬರಲ್ಲಿ ಒಬ್ಬನ ತಡ ಅಪರಾಧ, ಇನ್ನೊಬ್ಬನ ತಡ ಸಹಜ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ.

ಕಾನೂನು ಹಾಗೆ ಒಪ್ಪಿಲ್ಲ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯನ್ನು ತೆರೆದು ನೋಡಿ. ಸಾಲ ತೀರಿಸಿ ಅಡಮಾನದಿಂದ ಸ್ವತ್ತನ್ನು ಬಿಡಿಸಿಕೊಳ್ಳುವುದು ಮಾಲೀಕನ ಹಕ್ಕು ಎನ್ನುತ್ತದೆ 60ನೇ ಕಲಂ. ಅದರ ಪಕ್ಕದ 60ಎ ಇನ್ನೂ ಮುಂದೆ ಹೋಗುತ್ತದೆ: ಬಿಡಿಸಿಕೊಳ್ಳುವ ಹಕ್ಕಿರುವ ಮಾಲೀಕ, ಸ್ವತ್ತನ್ನು ತನಗೆ ಮರಳಿಸುವ ಬದಲು ತಾನು ಹೇಳಿದ ಮೂರನೆಯವರಿಗೆ ಆ ಅಡಮಾನ ಸಾಲವನ್ನು ವಹಿಸಿಕೊಡು ಎಂದು ಕೇಳಬಹುದು, ಸಾಲದಾತ ಹಾಗೆ ಮಾಡಲು ಬದ್ಧ. ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎಂದು ನಾವು ಇಂದು ಹೇಳುವುದರ ಬೇರು ಇದು. ಇನ್ನು 60ಬಿ: ಸಾಲದಾತನ ಬಳಿ ಇರುವ ಹಕ್ಕುಪತ್ರಗಳನ್ನು, ತಗಲುವ ಖರ್ಚು ಕೊಟ್ಟು, ಸೂಕ್ತ ವೇಳೆಯಲ್ಲಿ ನೋಡುವ, ನಕಲು ಮಾಡಿಕೊಳ್ಳುವ ಹಕ್ಕು ಮಾಲೀಕನಿಗಿದೆ. ಪತ್ರಗಳನ್ನೇ ನೋಡುವ ಹಕ್ಕಿದ್ದವನಿಗೆ ಅವುಗಳ ಪಟ್ಟಿ ಕೊಡಲು ಸತಾಯಿಸುವುದು ಯಾವ ನ್ಯಾಯ? ನನಗೆ ಎಲ್ಲಕ್ಕಿಂತ ಮಹತ್ವದ್ದಾಗಿ ಕಾಣುವುದು 84ನೇ ಕಲಂ. ಕೊಡಬೇಕಾದ ಹಣವನ್ನು ಮಾಲೀಕ ಸಾಲದಾತನ ಮುಂದೆ ಒಡ್ಡಿದ ದಿನದಿಂದ ಅಸಲಿನ ಮೇಲಿನ ಬಡ್ಡಿ ನಿಲ್ಲುತ್ತದೆ ಎಂಬುದು ಅದರ ತಿರುಳು. ತೀರಿಸಲು ಸಿದ್ಧನಾಗಿ ನಿಂತವನಿಂದ ಬಡ್ಡಿ ಎಳೆಯಬಾರದು ಎಂಬ ವಿವೇಕ ಬ್ರಿಟಿಷರ ಕಾಲದ ಶಾಸನದಲ್ಲೇ ಇತ್ತು.

ಮನೆ ಸಾಲಕ್ಕೆ ಇದು ಅನ್ವಯಿಸದು, ಅಸಲು ತೀರಿಸುವ ಗಡುವು ಬಂದ ಮೇಲಷ್ಟೇ 60ನೇ ಕಲಮಿನ ಹಕ್ಕು ಹುಟ್ಟುತ್ತದೆ ಎಂದು ವಕೀಲರು ವಾದಿಸಬಹುದು. ಯಾವಾಗ ಬೇಕಾದರೂ ಶುಲ್ಕವಿಲ್ಲದೆ ತೀರಿಸಬಹುದು ಎಂದು ನಿಯಂತ್ರಕರೇ ಹೇಳಿದ ಮೇಲೆ ಆ ವಾದದಲ್ಲಿ ಹುರುಳು ಉಳಿದಿಲ್ಲ ಎಂಬುದು ನನ್ನ ತಿಳಿವಳಿಕೆ.

ರಿಸರ್ವ್ ಬ್ಯಾಂಕ್ ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. 2023ರ ಸೆಪ್ಟೆಂಬರ್ 13ರ ಆದೇಶ ಮನೆ ಮಾಲೀಕರ ಪಾಲಿಗೆ ದೊಡ್ಡ ಗೆಲುವು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು, ನೋಂದಾಯಿಸಿದ ಋಣಭಾರವನ್ನೂ ತೆಗೆಸಬೇಕು. ಸಂಸ್ಥೆಯ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ. ಆ ವರ್ಷದ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಸಾಲ ತೀರಿಸಿಯೂ ತಮ್ಮ ಪತ್ರಗಳಿಗಾಗಿ ಅಲೆಯುತ್ತಿದ್ದವರಿಗೆ ಈ ಒಂದು ಅಂಕಿ ಕೊಟ್ಟ ಬಲ ಯಾವ ಉಪದೇಶವೂ ಕೊಟ್ಟಿರಲಿಲ್ಲ. ಆದರೆ ಈ ಗಡಿಯಾರ ಓಡಲು ಶುರುವಾಗುವುದು ಸಾಲ ತೀರಿದ ಮೇಲೆ. ತೀರಿಸಲು ಬಿಡದೆ ಹಿಡಿದಿಟ್ಟ ತಿಂಗಳುಗಳಿಗೆ ಅದು ಅನ್ವಯಿಸುವುದಿಲ್ಲ. ಮನೆಯ ಹಿಂಬಾಗಿಲಿಗೆ ಭದ್ರವಾದ ಚಿಲಕ ಹಾಕಿ ಮುಂಬಾಗಿಲನ್ನು ತೆರೆದೇ ಬಿಟ್ಟಂತಾಗಿದೆ.

ಆ ಮುಂಚಿನ ಹಂತಕ್ಕೂ ಒಂದು ನಿಯಮ ಇದೆ, 2003ರಷ್ಟು ಹಳೆಯದು. ಸಾಲದಾತರ ನ್ಯಾಯಯುತ ವ್ಯವಹಾರ ಸಂಹಿತೆಯ ಪ್ರಕಾರ, ಖಾತೆ ವರ್ಗಾವಣೆಯ ಕೋರಿಕೆ ಸಾಲಗಾರನಿಂದ ಬಂದಿರಲಿ, ವಹಿಸಿಕೊಳ್ಳುವ ಬ್ಯಾಂಕಿನಿಂದ ಬಂದಿರಲಿ, ಒಪ್ಪಿಗೆಯನ್ನೋ ಆಕ್ಷೇಪವನ್ನೋ 21 ದಿನದೊಳಗೆ ತಿಳಿಸಬೇಕು. ಬ್ಯಾಂಕೇತರ ಹಣಕಾಸು ಕಂಪನಿಗಳಿಗೂ ಇಂಥದ್ದೇ ನಿಯಮವಿದೆ. ಶಾಖೆಗಳಲ್ಲಿ ಈ 21 ದಿನದ ಸುದ್ದಿ ಎತ್ತಿದರೆ ಎದುರಿಗಿರುವವರಿಗೆ ಗೊತ್ತೇ ಇರುವುದಿಲ್ಲ. ಗೊತ್ತಿರಬೇಕಾದ ಒತ್ತಡವೂ ಅವರಿಗಿಲ್ಲ, ಏಕೆಂದರೆ 22ನೇ ದಿನ ಏನೂ ಆಗುವುದಿಲ್ಲ. 5,000 ರೂಪಾಯಿಯ ನಿಯಮ ಎಲ್ಲರಿಗೂ ಗೊತ್ತು, 21 ದಿನದ ನಿಯಮ ಯಾರಿಗೂ ಗೊತ್ತಿಲ್ಲ. ಎರಡರ ನಡುವೆ ಇರುವ ವ್ಯತ್ಯಾಸ ಹಣದ್ದು.

ಹೊಸ ಬ್ಯಾಂಕಿನ ಪಾಲೂ ಇದರಲ್ಲಿದೆ. ಹೆಚ್ಚು ವಿಸ್ತರಿಸುವುದಿಲ್ಲ, ಒಂದು ವಿಚಾರ ಮಾತ್ರ. ಸಾಲ ತೀರಿಸುವ ಚೆಕ್ಕನ್ನೋ ಡಿಡಿಯನ್ನೋ ಬರೆದ ದಿನದಿಂದ ಹೊಸ ಬ್ಯಾಂಕ್ ಬಡ್ಡಿ ಎಣಿಸುತ್ತದೆ, ಅದು ಹಳೆಯ ಸಾಲದಾತನ ಕೈಸೇರಿ ಜಮಾ ಆಗುವವರೆಗೆ ಅವನೂ ಎಣಿಸುತ್ತಾನೆ. ಒಂದೇ 50 ಲಕ್ಷಕ್ಕೆ ಎರಡೂ ಕಡೆ ಬಡ್ಡಿ. 2024ರ ಏಪ್ರಿಲ್ 29ರಂದು ರಿಸರ್ವ್ ಬ್ಯಾಂಕ್, ಚೆಕ್ಕಿನ ತಾರೀಕಿನಿಂದ ಬಡ್ಡಿ ಹಾಕಿ ಚೆಕ್ಕನ್ನು ಎಷ್ಟೋ ದಿನದ ನಂತರ ಕೊಡುವ ಪದ್ಧತಿ ತನ್ನ ತಪಾಸಣೆಯಲ್ಲಿ ಕಂಡಿದೆ, ಹೀಗೆ ಪಡೆದದ್ದನ್ನು ಹಿಂದಿರುಗಿಸಬೇಕು, ಸಾಧ್ಯವಾದಲ್ಲಿ ಚೆಕ್ ಬಿಟ್ಟು ಆನ್‌ಲೈನ್ ವರ್ಗಾವಣೆ ಮಾಡಬೇಕು ಎಂದು ಸುತ್ತೋಲೆ ಕಳಿಸಿತು. ವರ್ಗಾವಣೆ ಮಾಡಿಕೊಂಡವರು ತಮ್ಮ ಎರಡೂ ಖಾತೆಯ ವಿವರ ತೆಗೆದು ಆ ಕೆಲವು ದಿನಗಳನ್ನು ತಾಳೆ ನೋಡಬೇಕು. ಡಬಲ್ ಬಡ್ಡಿ ಬಿದ್ದಿದ್ದರೆ ಲಿಖಿತವಾಗಿ ವಾಪಸ್ ಕೇಳಬೇಕು.

ಇನ್ನೊಂದು ಜನಪ್ರಿಯ ಸಲಹೆ: ಇಷ್ಟೆಲ್ಲ ರಗಳೆ ಯಾಕೆ, ಇರುವ ಕಡೆಯೇ ಕನ್ವರ್ಷನ್ ಫೀ ಕಟ್ಟಿ ದರ ಇಳಿಸಿಕೊಳ್ಳಿ. ವೈಯಕ್ತಿಕವಾಗಿ ಒಬ್ಬರಿಗೆ ಇದು ಲಾಭವಾಗಬಹುದು, ಮಾಡಿಕೊಂಡವರನ್ನು ನಾನು ದೂರುವುದಿಲ್ಲ. ಆದರೆ ಇದನ್ನೇ ಪರಿಹಾರವೆಂದು ಸಾರುವುದು ತಪ್ಪು. ಹೊರಟು ನಿಂತವರಿಗೆ ಮಾತ್ರ ದರ ಇಳಿಯುತ್ತದೆ, ಬಾಯಿಬಿಡದೆ ಕಂತು ಕಟ್ಟುವವರಿಗೆ ಇಳಿಯುವುದಿಲ್ಲ; ಹಳಬ ಹೊಸಬ ಎಂಬ ಯಾವ ತಾರತಮ್ಯವನ್ನು ಅಳಿಸಲು 2012ರ ಸುತ್ತೋಲೆ ಬಂತೋ ಅದೇ ಹೀಗೆ ಮರಳಿ ಬರುತ್ತಿದೆ. ತಡ ಮಾಡಿದರೆ ಸಾಲಗಾರ ಸೋತು ಅಲ್ಲೇ ಉಳಿಯುತ್ತಾನೆ ಎಂಬುದು ಗೊತ್ತಾದ ಮೇಲೆ ತಡ ಮಾಡಲು ಇನ್ನಷ್ಟು ಕಾರಣ ಸಿಗುತ್ತದೆ.

ಹಾಗಾದರೆ ಈಗ ಸಿಕ್ಕಿಹಾಕಿಕೊಂಡವರು ಎಲ್ಲಿಗೆ ಹೋಗಬೇಕು? ಮೊದಲು ಲಿಖಿತ ಅರ್ಜಿ, ಅದಕ್ಕೆ ತಾರೀಕು ಇರುವ ಸ್ವೀಕೃತಿ. ಶಾಖೆಯಲ್ಲಿ ಕೊಡದಿದ್ದರೆ ಇ-ಮೇಲ್. ತಡ ಎಂದು ಸಾಬೀತು ಮಾಡಲು ಮೊದಲ ದಿನ ಯಾವುದು ಎಂಬ ದಾಖಲೆ ಬೇಕೇ ಬೇಕು. ಅರ್ಜಿಯಲ್ಲೇ 21 ದಿನದ ನಿಯಮವನ್ನೂ 60ಎ, 60ಬಿ ಕಲಮುಗಳನ್ನೂ ಹೆಸರಿಸಿ ಬರೆಯಬೇಕು. ಆಗಲೂ ಪತ್ರ ಬಾರದಿದ್ದರೆ ಸಾಲದಾತನಿಗೇ ಲಿಖಿತ ದೂರು. ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. 2021ರ ಏಕೀಕೃತ ಯೋಜನೆ ನಷ್ಟಕ್ಕೆ 20 ಲಕ್ಷದವರೆಗೆ, ಅಲೆದಾಟ ಮತ್ತು ಮನೋವೇದನೆಗೆ ಪ್ರತ್ಯೇಕವಾಗಿ 1 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರವನ್ನು ಅವರಿಗೆ ಕೊಟ್ಟಿತು. ವಕೀಲರ ಅಗತ್ಯವಿಲ್ಲ, ಶುಲ್ಕವೂ ಇಲ್ಲ. ಶಾಲೆಯ ಅರ್ಧ ದಿನದ ರಜೆಗಳಿಗೂ ಬೆಲೆ ಇದೆ ಎಂದು ಒಪ್ಪಿದ ಯೋಜನೆ ಅದು.

ಆದರೆ ಆ ಯೋಜನೆಯ ವ್ಯಾಖ್ಯೆಯಲ್ಲಿ ಗೃಹ ಹಣಕಾಸು ಕಂಪನಿಗಳನ್ನು ಹೊರಗಿಟ್ಟಿದ್ದಾರೆ. ಈ ಕಂಪನಿಗಳ ನಿಯಂತ್ರಣ 2019ರಲ್ಲಿ ರಿಸರ್ವ್ ಬ್ಯಾಂಕಿಗೆ ಬಂತು. ಅವುಗಳ ಮೇಲಿನ ದೂರು ಮಾತ್ರ ಇಂದಿಗೂ ರಾಷ್ಟ್ರೀಯ ವಸತಿ ಬ್ಯಾಂಕಿನ ಗ್ರಿಡ್ಸ್ ಪೋರ್ಟಲಿಗೆ ಹೋಗಬೇಕು, ಅಲ್ಲಿ ಓಂಬುಡ್ಸ್‌ಮನ್ ಥರದ ತೀರ್ಪಿಲ್ಲ. ಹೊರಗಿನ ಮಾನದಂಡಕ್ಕೆ ಜೋಡಿಸದ ಬಡ್ಡಿ ಯಾರದೋ, ಹಾಗಾಗಿ ವರ್ಗಾವಣೆಯ ಅಗತ್ಯ ಹೆಚ್ಚಾಗಿ ಯಾರಿಗಿದೆಯೋ, ಅವರಿಗೇ ಈ ಬಾಗಿಲು ಮುಚ್ಚಿದೆ. ಅವರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಸೇವಾನ್ಯೂನತೆಯ ದೂರು ಕೊಡಬಹುದು, ಕೊಡಬೇಕು ಕೂಡ. ಆದರೆ ತಿಂಗಳಿಗೆ ಆರು ಸಾವಿರದ ನಷ್ಟ ತಡೆಯಲು ಹೊರಟವರನ್ನು ಆಯೋಗದ ವಾಯಿದೆಗಳಿಗೆ ಕಳಿಸುವುದು ಒಂದು ತಡಕ್ಕೆ ಇನ್ನೊಂದು ತಡವನ್ನು ಸೇರಿಸಿದಂತೆಯೇ.

ಇದು ಬಗೆಹರಿಯದ ಸಮಸ್ಯೆಯೇನಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಮನೆ ಸಾಲ ರೀಫೈನಾನ್ಸ್ ಮಾಡಿಸುವಾಗ ಅಲ್ಲಿಯ ಸಾಲದಾತ, ಲಿಖಿತ ಕೋರಿಕೆ ತಲುಪಿದ 7 ಕೆಲಸದ ದಿನಗಳೊಳಗೆ ಬಾಕಿಯ ನಿಖರ ಲೆಕ್ಕ ಕೊಡಬೇಕು. 2010ರ ಡಾಡ್-ಫ್ರಾಂಕ್ ಕಾಯ್ದೆಯ ಮೂಲಕ ಇದು ಶಾಸನಕ್ಕೆ ಸೇರಿತು. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ಸಾಲಗಾರರ ಲೆಕ್ಕ ಅದಕ್ಕಿಂತ ಜಟಿಲವಾದದ್ದಲ್ಲ, ಅದೇ ಥರದ ಕಂಪ್ಯೂಟರಿನಲ್ಲೇ ಇದೆ. ರಿಸರ್ವ್ ಬ್ಯಾಂಕ್ ಮಾಡಬೇಕಾದದ್ದು ಮೂರು ಕೆಲಸ. ಫೋರ್‌ಕ್ಲೋಷರ್ ಲೆಟರಿಗೂ ಎಲ್‌ಓಡಿಗೂ 7 ಕೆಲಸದ ದಿನದ ಗಡುವು ಹಾಕಿ, ಮೀರಿದ ಪ್ರತಿ ದಿನಕ್ಕೆ ಈಗಾಗಲೇ ತಾನೇ ನಿಗದಿ ಮಾಡಿರುವ 5,000 ರೂಪಾಯಿಯನ್ನು ಅಲ್ಲಿಗೂ ಅನ್ವಯಿಸಬೇಕು. ಗಡುವು ಮೀರಿದ ದಿನದಿಂದ, 84ನೇ ಕಲಮಿನ ನ್ಯಾಯದಂತೆ, ಹೊಸ ಬ್ಯಾಂಕ್ ಮಂಜೂರು ಮಾಡಿದ ದರಕ್ಕಿಂತ ಹೆಚ್ಚಿನ ಬಡ್ಡಿ ವಸೂಲಿ ಮಾಡದಂತೆ ತಡೆಯಬೇಕು. ಗೃಹ ಹಣಕಾಸು ಕಂಪನಿಗಳನ್ನು ಓಂಬುಡ್ಸ್‌ಮನ್ ವ್ಯಾಪ್ತಿಗೆ ತರಬೇಕು. ಮೂರಕ್ಕೂ ಸಂಸತ್ತು ಹೊಸ ಕಾಯ್ದೆ ಮಾಡಬೇಕಿಲ್ಲ ಎಂದು ನನ್ನ ನಂಬಿಕೆ. ಮೂಲಪತ್ರಗಳ ವಿಷಯದಲ್ಲಿ 2023ರಲ್ಲಿ ಒಂದು ಆದೇಶದಿಂದ ಆದದ್ದು ಈ ಎರಡು ಕಾಗದಗಳ ವಿಷಯದಲ್ಲೂ ಆಗಬಹುದು.